ಮೇಲಿನರ್ಧ, ತಳದರ್ಧ

...ಅಲ್ಲ ಸಾಬ್ರೇ, ಮೂಸೋದು ಬೇರೆ, ಕುಡಿಯೋದು ಬೇರೆ! ನಾನು ಕಾಫಿ ಬಿಟ್ಟಿರೋನು. ಮೂಸ್ತಾ ಇದೀನಿ, ಅಷ್ಟೆ. ಯಾಕೆ ನಗ್ತೀರ? ಮ್ಯಾನೇಜರ್ರೇ ಅಂದ್ರಲ್ಲ... ‘ವೆಂಕಟರವಣಪ್ಪ ಕಾಫಿ ಬಿಟ್ಟೋರು, ಪಕ್ಷಪಾತ ಮಾಡಲ್ಲ. ಹುಸೇನ್ ಸಾಬ್ರು ಕುಡಿಯೋರು, ಮೋಸ ಹೋಗಲ್ಲ. ಇಬ್ರೂ ಮೋಹನ್‌ಬಾಬು ಕಾಫಿಪುಡಿ ಅಂಗಡಿಗೆ ಹೋಗಿ ಆಫೀಸ್ ಮಿಷನ್ನಿಗೆ ಒಂದು ರೋಸ್ಟ್ ಆರಿಸ್ಕೊಂಡು ಬನ್ನಿ’ ಅಂತ. ಸೋಮವಾರದಿಂದ ಗುಂಡಿ ಒತ್ತಿದ್ರೆ ಕಾಫಿ. ಸರ್ಕಾರಿ ಕೆಲಸದಷ್ಟೇ ಶ್ರದ್ಧೆಯಿಂದ ಮೂಸಬೇಕು.

ಮೋಹನ್‌ಬಾಬು, ಇದ್ಯಾವುದಪ್ಪ ನೀನು ಮೊದಲು ಕೊಟ್ಟಿದ್ದು? ಲೈಟ್ ರೋಸ್ಟಾ? ಸಾಬ್ರೇ, ಒಂದು ಗುಟುಕು ಹಾಕಿ... ಹ್ಞಾ, ಮುಖ ಹಿಂಡಿದ್ರಿ. ಹುಳಿ! ವಾಸನೇಲೇ ಗೊತ್ತಾಯ್ತು ನನಗೆ. ಹುರಿಯೋಕೆ ಶುರು ಮಾಡಿ ಫೋನ್ ಬಂತು ಅಂತ ಎದ್ದುಹೋದಂಗಿದೆ. ಇದನ್ನ ಒಂದು ದಿನ ಕುಡಿದೋನು ಎರಡನೇ ದಿನ ಮಿಷನ್ ಕಡೆ ತಲೆ ಹಾಕಿ ಮಲಗಲ್ಲ. ಎತ್ತಿಡಪ್ಪ ಅದನ್ನ.

ಇದು ಡಾರ್ಕ್. ನಮಗೆ ಇದೇ ಸರಿ. ಹಿಂದ್ಗಡೆ ನೂಲು ತೆಗೆಯೋ ಫಿಲೇಚರಲ್ಲಿ ರೇಷ್ಮೆಗೂಡು ಬೇಯಿಸೋಕೆ ಶುರು ಮಾಡಿದ್ರೆ ನಮ್ಮಾಫೀಸಲ್ಲಿ ಊದಿನಕಡ್ಡೀನೇ ಸೋತೋಗುತ್ತೆ. ಇದೊಂದು ನಿಲ್ಲುತ್ತೆ ನೋಡಿ. ಕಹಿನಾ? ಸಕ್ಕರೆ ಹಾಕ್ಕೊಳ್ಳಿ ಮತ್ತೆ. ನಿಮಗೆ ಸಕ್ಕರೆ ಎಷ್ಟು ಬೇಕು ಅಂತ ನನಗೆ ಹೇಳ್ಬೇಕಾ?

ಹತ್ತೊಂಬತ್ತು ವರ್ಷ ಸಾಬ್ರೇ, ಅಮ್ಮಾಜಮ್ಮನ ಹೋಟ್ಲಲ್ಲಿ ಬೈ-ಟು. ಆಯಮ್ಮ ಸಕ್ಕರೆ ಹಾಕಿ ಕಲಕದೇ ಕೊಡೋರು. ಮೇಲಿನರ್ಧ ನನ್ನ ಲೋಟಕ್ಕೆ, ಸಪ್ಪೆ. ತಳದರ್ಧ ನಿಮಗೆ, ಪಾಯಸ. ನಂಗೆ ಸಪ್ಪೇನೇ ಬೇಕು, ನಿಮಗೆ ಸಿಹೀನೇ ಬೇಕು. ಒಂದಿನಾನೂ ಅದರ ಬಗ್ಗೆ ಮಾತಾಡಿದ್ದಿಲ್ಲ ನಾವು. ಈಗಿನೋರು ಚಮಚ ಹಾಕಿ ಕಲಕ್ತಾರೆ. ಯಾರು ಅಂತ ಹೆಸರು ಹೇಳಲ್ಲ ನಾನು.

ಜಗನ್.

ತಪ್ಪಲ್ಲ, ಕಲಕಲಿ! ಚಿಂತಾಮಣಿಯಿಂದ ವರ್ಗವಾಗಿ ಬಂದೋನು, ಅಲ್ಲಿ ಕಲಕ್ತಾರೋ ಏನೋ. ನಾನು ಕಣ್ಣಿನ ಆಪರೇಷನ್ ಅಂತ ಮೂರು ವಾರ ರಜ ಹಾಕಿದೆ. ವಾಪಸ್ ಬಂದು ನೋಡ್ತೀನಿ, ನನ್ನ ಬೆಂಚಲ್ಲಿ ಜಗನ್. ನನ್ನ ಲೋಟ ಜಗನ್ ಕೈಯಲ್ಲಿ. ಅಷ್ಟು ಖರ್ಚು ಮಾಡಿ ಹೊಸ ಕಣ್ಣು ಹಾಕಿಸ್ಕೊಂಡು ಮೊದಲು ನೋಡಿದ್ದು ಅದನ್ನ! ನೀವು ‘ಬನ್ನಿ ರವಣಪ್ಪ, ಬೈ-ತ್ರೀ ಮಾಡಣ’ ಅಂದ್ರಿ. ನಾನೇ, ಡಾಕ್ಟ್ರು ಬೇಡ ಅಂದಿದಾರೆ, ಕಾಫಿ ಬಿಟ್ಟೆ ಅಂದೆ. ಕಣ್ಣಿನ ಡಾಕ್ಟ್ರು ಕಾಫಿ ಯಾಕೆ ಬೇಡ ಅಂದ್ರು ಅಂತ ನೀವೂ ಕೇಳ್ಲಿಲ್ಲ.

ಬೇಜಾರೇನಿಲ್ಲ. ಬೇಜಾರ್ಯಾಕೆ? ಮಿಷನ್ನು ಬಂದಿದ್ದು ಒಳ್ಳೇದೇ ಆಯ್ತು. ಅವರವರ ಕಾಫಿ ಅವರವರ ಕಪ್ಪಲ್ಲಿ. ಯಾರೂ ಯಾರಿಗೂ ಅರ್ಧ ಕೊಡೋ ಹಂಗಿಲ್ಲ. ‘ನೌಕರರು ಹೊರಗಿನ ಹೋಟೆಲಿಗೆ ಹೋಗುವುದರಿಂದ ದಿನಕ್ಕೆ ನಲವತ್ತು ನಿಮಿಷಗಳಷ್ಟು ಅಮೂಲ್ಯ ಸಮಯ ಪೋಲಾಗುತ್ತಿದ್ದು’... ಎಷ್ಟು ಚೆನ್ನಾಗಿ ಬರೆದಿದಾರೆ ಆ ಅರ್ಜೀಲಿ!

ಏನು? ಯಾಕೆ ಲೋಟ ಕೆಳಗಿಟ್ರಿ?

ಯಾವ ಅರ್ಜಿ ಅಂದ್ರೆ... ಅದೇ, ಹೆಸರಿಲ್ದೆ ಬಂದಿದ್ದು. ಮ್ಯಾನೇಜರ್ ಮೀಟಿಂಗಲ್ಲಿ ಓದಿದ್ರಲ್ಲ... ಓದ್ಲಿಲ್ವಾ? ಮೇಲಿನೋರು ಮಿಷನ್ ಕಳಿಸಿದಾರೆ ಅಂತಷ್ಟೇ ಅಂದ್ರಾ? ಹಂಗಾದ್ರೆ ಯಾರೋ ಅಂದಿರ್ಬೇಕು. ಗಾಳೀಲಿ ಬಂತು ಸಾಬ್ರೇ. ನಲವತ್ತು ನಿಮಿಷ ಅಂತ ಗಾಳೀಲೇ ಬಂತು.

ಹಂಗೆ ನೋಡ್ಬೇಡ್ರಿ. ಈ ಹೊಸ ಕಣ್ಣಿಗೆ ಎಲ್ಲ ಜಾಸ್ತಿ ಕಾಣುತ್ತೆ.



ಸರ್ಲೇ ಪೋನಿ, ಹೋಗ್ಲಿ ಬಿಡಿ. ನಾನೇ ಬರೆದಿದ್ದು. ಎಡಗೈಯಲ್ಲಿ ಬರೆದೆ, ನನ್ನ ಅಕ್ಷರ ನಿಮಗೆ ಗೊತ್ತಾಗುತ್ತೆ ಅಂತ. ಹೊಟ್ಟೆ ಉರೀತು ಸಾಬ್ರೇ! ಹತ್ತೊಂಬತ್ತು ವರ್ಷಕ್ಕೆ ಮೂರೇ ವಾರ ಸಾಕಾಯ್ತಲ್ಲ ಅಂತ. ನನಗಿಲ್ದೇ ಇದ್ದಿದ್ದು ಅವನಿಗೂ ಬೇಡ ಅನ್ನಿಸ್ತು. ಜಗನ್ ಒಬ್ಬನ್ನೇ ನೆನೆಸ್ಕೊಂಡು ಬರೆದೆ, ಅಮ್ಮಾಜಮ್ಮನ ನೆನಪೇ ಬರ್ಲಿಲ್ಲ. ನೆನ್ನೆ ಆಯಮ್ಮ ನನ್ನೇ ಕೂಗಿ, ‘ಸೋಮವಾರದಿಂದ ಹಾಲಿನೋನಿಗೆ ಎಷ್ಟು ಕಮ್ಮಿ ಹೇಳ್ಲಪ್ಪ?’ ಅಂತ ಕೇಳಿದ್ರು. ಕಾಫಿ ಬಿಟ್ಟೋನು ನಾನು, ನನಗೇನ್ ಗೊತ್ತು ಅಂದು ಬಂದೆ.

ಬೈಯೋದಾದ್ರೆ ಬೈದ್ಬಿಡ್ರಿ...

ಏನು, ಬೆರಳು ತೋರಿಸ್ತಾ ಇದೀರ? ಯಾವುದು... ಮೊದಲನೇದಾ? ಸಾಬ್ರೇ, ಅದು ಹುಳಿ! ಆವಾಗ್ಲೇ ಹೇಳ್ಲಿಲ್ವಾ, ಒಂದು ದಿನ ಕುಡಿದೋನು ಎರಡನೇ ದಿನ ಮಿಷನ್ ಕಡೆ...

ಓ. ಎರಡನೇ ದಿನ ಎಲ್ರೂ ಅಮ್ಮಾಜಮ್ಮನ ಹತ್ರಾನೇ...

ಮೋಹನ್‌ಬಾಬು, ಆ ಲೈಟೇ ಬರ್ಕೊಳಪ್ಪ. ಹೌದು, ಗೊತ್ತಿದ್ದೇ ಹೇಳ್ತಾ ಇದೀವಿ. ಕಮಿಟಿ ತೀರ್ಮಾನ. ಕೆಟ್ರೆ ಮಿಷನ್ ಹೆಸರು ಕೆಡುತ್ತೆ, ನಿಂದಲ್ಲ. ಸಾಬ್ರಿಗೆ ಮಾತ್ರ ನೀನು ದಿನಾ ಕುಡಿಯೋದು ಯಾವುದೋ ಅದನ್ನ ಒಂದು ಲೋಟ ಕೊಡು, ಬಾಯಿ ಕೆಟ್ಟಿದೆ. ಸಕ್ಕರೆ ಜಾಸ್ತಿ.

ಹ್ಞೂ, ಬಂತು. ಬಿಸಿ ಇದೆ. ಚಮಚ ಇದೆ ನೋಡಿ, ಕಲಕ್ಕೊಳ್ಳಿ ಸಾಬ್ರೇ.

ಯಾಕೆ, ಚಮಚ ಯಾಕೆ ಆ ಕಡೆ ಇಟ್ರಿ?

...ಸಾಬ್ರೇ.

ಮೋಹನ್‌ಬಾಬು, ಒಂದು ಖಾಲಿ ಲೋಟ ಕೊಡಪ್ಪ.