ಕೂಗಿದವರು ದಡ ಬಿಡುವುದಿಲ್ಲ

ಮಾನ್ಯ ಅಧ್ಯಕ್ಷರೇ, ಶಹಾಪುರದಿಂದ ಬಂದಿರುವ ಅತಿಥಿಗಳೇ, ಆಯ್ಕೆ ಸಮಿತಿಯ ಗೆಳೆಯರೇ, ಫ್ಯಾನಿನ ಕೆಳಗೆ ಜಾಗ ಸಿಗದೆ ಬಾಗಿಲಲ್ಲಿ ನಿಂತಿರುವ ಸುರಪುರದ ಸಭಿಕರೇ,

ಮೀನು ಹಿಡಿಯುವವರ ನಮ್ಮ ಹೊಳೆ ಬಳಗದ ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವ ಕೆಲಸ ಸಣ್ಣದು. ಹಳೆಯ ವಾಟ್ಸಾಪ್ ಗುಂಪನ್ನು ಈ ಫೋನಿನಿಂದ ಮುಚ್ಚಬೇಕು, ನೀವು ಚಪ್ಪಾಳೆ ತಟ್ಟಬೇಕು, ಆಮೇಲೆ ಎಲ್ಲರೂ ಹೊಸ ಆ್ಯಪಿಗೆ ಹೋಗಬೇಕು. ಗುಂಪಿನ ಅಡ್ಮಿನ್ ನಾನಾದ್ದರಿಂದ ಈ ಗೌರವ. ಮನಸ್ಸು ಬದಲಾಗದಿರಲೆಂದೋ ಏನೋ, ಶಾಲು ಮೊದಲೇ ಹೊದಿಸಿದ್ದೀರಿ.

ಹೊಸ ಆ್ಯಪನ್ನು ಆರಿಸಿದ ಪಂಚಶೀಲಾ ಮೇಡಂ ಒಳ್ಳೆಯ ಶಿಕ್ಷಕಿ. "ಸರ್, ಇದರಾಗ ಎಲ್ಲಾ ನೀಟ್ ಇರ್ತದ್ರಿ. ಬರದದ್ದು ನಾವು ನೋಡಿ ಪಾಸ್ ಮಾಡಿದ ಮ್ಯಾಲೇ ಮಂದಿಗೆ ಕಾಣಸ್ತದ" ಎಂದರು. ನೀಟು ಯಾರಿಗೆ ಬೇಡ? ಹಳೆಯ ಗುಂಪಿನ ಧ್ವನಿ ಸಂದೇಶಗಳಲ್ಲಿ ಆಡು ಒದರುತ್ತದೆ, ಗಾಳಿ ಬೀಸುತ್ತದೆ, ಹುಡುಕಿದರೆ ಏನೂ ಸಿಗುವುದಿಲ್ಲ. ಒಪ್ಪಿದೆ. ಆದರೆ ಸಮಿತಿ ಕುಳಿತದ್ದು ಹೋಟೆಲಿನ ಮಹಡಿಯಲ್ಲಿ. ಅಲ್ಲಿ ಒದ್ದೆ ಕೈ ಒಂದಾದರೂ ಇತ್ತೇ? ಓದು ಬರದವರು ಒಬ್ಬರಾದರೂ ಇದ್ದರೇ?

ತಿಂಥಣಿಯ ಕಡೆ ನಮ್ಮ ಹೊಳೆಯವರಲ್ಲಿ ಒಂದು ಪದ್ಧತಿ ಇದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟದ್ದು ಕಂಡವರು ದಡದಿಂದ ಕೂಗಬೇಕು. ಕೇಳಿಸಿಕೊಂಡವರು "ಕೇಳೀವಿ" ಎಂದು ತಿರುಗಿ ಕೂಗಬೇಕು. ಆ ಮಾತು ಬರುವ ತನಕ ಕೂಗಿದವರು ದಡ ಬಿಡುವುದಿಲ್ಲ. ನಮ್ಮ ಗುಂಪು ಹುಟ್ಟಿದ್ದು ಇದಕ್ಕಾಗಿ, ಶುಭೋದಯ ಹೇಳಲಿಕ್ಕಲ್ಲ. ಅದನ್ನೂ ಹೇಳುತ್ತೀರಿ, ಇರಲಿ.

ಈಗ ಮೇಲಿನ ದಡದಿಂದ ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿ ಕೂಗುವವನು ಬಸವಂತ್ರಾಯ. ನನ್ನ ಅಣ್ಣ. ಹೊಲದ ಬದುವಿನ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಅದು ಈ ಸಭೆಗೆ ಬೇಡ. "ಎಲ್ಲಾರೂ ಕೇಳ್ರಿ, ನೀರು ಬಿಟ್ಟಾರ, ಬಲಿ ಎತ್ರಿ" ಎನ್ನುತ್ತಾನೆ. ಎಲ್ಲಾರೂ ಎಂದಮೇಲೆ ಅದರಲ್ಲಿ ನಾನೂ ಬಂದೆನಲ್ಲ, ಕೇಳುತ್ತೇನೆ. ಉತ್ತರ ಕೊಡುವವರು ಬೇರೆ ಇದ್ದಾರೆ. ಈ ಸಲ ಅವನಿಗೆ ಕೆಮ್ಮು ಹೆಚ್ಚಾದಂತಿದೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಹೋದ ವಾರ ಹೊಸ ಆ್ಯಪಿನ ಪರೀಕ್ಷೆ ನಡೆಯಿತು; ಆ ದಿನ ಹಳೆಯ ಗುಂಪಿನಲ್ಲಿ ಯಾರೂ ಏನೂ ಹಾಕುವಂತಿರಲಿಲ್ಲ. ಅಣ್ಣನಿಗೆ ಅಕ್ಷರ ಬಾರದು. ನೀರು ಬಿಟ್ಟ ಸುದ್ದಿಯನ್ನು ಸೊಸೆ ಮಲ್ಲೇಶ್ವರಿಯಿಂದ ಬರೆಸಿ ಕಳಿಸಿದ. ಮೇಡಂ ಪಾಠದಲ್ಲಿದ್ದರು, ಫೋನು ಚೀಲದಲ್ಲಿತ್ತು. ಅವರು ಪಾಸ್ ಮಾಡುವಷ್ಟರಲ್ಲಿ ಕೆಳಗೆ ಮೀನಿಗಿಳಿದಿದ್ದ ಚಮನಬೀಯ ಬಲೆ ಕೊಚ್ಚಿಹೋಗಿತ್ತು, ಮರಿಲಿಂಗ ನಡುಹೊಳೆಯ ಬಂಡೆ ಏರಿ ಕುಳಿತಿದ್ದ. ಅವನನ್ನು ದಡಕ್ಕೆ ತಂದಾಗ, "ಕೈಯಾಗ ಬಲಿ ಹಿಡೀಲೋ, ಪಾಸ್‌ವರ್ಡ್ ಹೊಡೀಲೋ, ನೀವ ಹೇಳ್ರಿ ಸರ್" ಎಂದ. ಚಮನಬೀ ನಗಲಿಲ್ಲ. "ನನಗ ಓದಾಕ ಬರಂಗಿಲ್ಲಂತ ನೀರಿಗೇನು ಗೊತ್ತದ?" ಎಂದಳು. ಸಮಿತಿಯವರೇ, ಇದಕ್ಕೆ ನಿಮ್ಮ ಆ್ಯಪಿನಲ್ಲಿ ಉತ್ತರ ಎಲ್ಲಿದೆ?

ಮಲ್ಲೇಶ್ವರಿ ಆಮೇಲೆ ನನಗೆ ಹೇಳಿದಳು: "ಸಣ್ಣಮಾವಾರ, ಕೇಳೀವಿ ಅಂತ ಯಾರೂ ಅನ್ನಲಿಲ್ಲ. ನಮ್ಮ ಮಾವಾರು ದೀಪ ಹಚ್ಚೂತನಕ ಮಳಿಯಾಗ ದಂಡಿಮ್ಯಾಲೇ ನಿಂತ್ರು." ಯಾರೂ ಎಂದಮೇಲೆ ಅದರಲ್ಲಿಯೂ ನಾನು ಬಂದೆನಲ್ಲ.

ಆದ್ದರಿಂದ ಅಧ್ಯಕ್ಷರೇ, ಗುಂಪನ್ನು ನಾನು ಮುಚ್ಚುವುದಿಲ್ಲ. ಶಾಲು ಬೇಕಾದರೆ ವಾಪಸು ತೆಗೆದುಕೊಳ್ಳಿ. ಸಭೆಯ ನಡಾವಳಿ, ಫೋಟೊ ನಿಮ್ಮ ನೀಟಾದ ಆ್ಯಪಿನಲ್ಲಿ ಇಡಿ. ಹೊಳೆಯ ಮಾತು ಇಲ್ಲಿಯೇ ಇರುತ್ತದೆ. ಕರೆದವರಿಗೆ, ಕುರ್ಚಿ ಹಾಕಿದವರಿಗೆ ವಂದನೆಗಳು. ಈಗಷ್ಟೇ ಅಣ್ಣ ಈ ಗುಂಪಿನಲ್ಲಿ ಮತ್ತೆ ಕೂಗಿದ್ದಾನೆ. ನೀವೆಲ್ಲ ಇಲ್ಲಿ ಕುಳಿತಿದ್ದೀರಿ, ಉತ್ತರ ಹೋಗಿಲ್ಲ. ಧ್ವನಿಯ ಗುಂಡಿ ಒತ್ತಿ ಹಿಡಿದಿದ್ದೇನೆ, ದಯವಿಟ್ಟು ಸದ್ದು ಬೇಡ.

ಅಣ್ಣಾ, ಕೇಳೀನಿ. ಮನಿಗೆ ಹೋಗು. ನಮಸ್ಕಾರ.