ಕೆಮ್ಮು ತೆಗೆದ ಸ್ವರ

ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕಾದು ಸುಸ್ತಾಗಿದ್ದ ದರ್ಜಿಯಮ್ಮನಿಗೆ, ಬೇಡವೆಂದರೂ ಪಕ್ಕದ ಅಕ್ಕ-ತಮ್ಮನ ಮಾತು ಕಿವಿಗೆ ಬೀಳುತ್ತಿತ್ತು. ತಮ್ಮ ಫೋನು ನೋಡಿ ನಿಟ್ಟುಸಿರು ಬಿಟ್ಟ.

“ಮತ್ತೆ ದೂರಾ?” ಅಂದಳು ಅಕ್ಕ.

“ಹೂಂ. ಅಪ್ಪನ ಹಾರ್ಮೋನಿಯಂದೇ.”

“ಒಂದೊಂದು ಸ್ವರಾನೂ ರೆಕಾರ್ಡ್ ಮಾಡಿ, ಯಾರು ಬೇಕಾದ್ರೂ ಕಂಪ್ಯೂಟರಲ್ಲಿ ನುಡಿಸ್ಕೊಳ್ಳಿ ಅಂತ ನೆಟ್ಟಲ್ಲಿ ಪುಕ್ಕಟೆ ಕೊಟ್ಟಿದೀಯ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರಲ್ಲೋ!”

“ಒಂದು ಸ್ವರದಲ್ಲಿ ಅಪ್ಪ ಕೆಮ್ಮಿದ್ರು, ನಾನು ಗಮನಿಸಿರಲಿಲ್ಲ. ಅದನ್ನ ತೆಗಿ ತೆಗಿ ಅಂತ ಎಲ್ಲರೂ ತಲೆ ತಿಂದ್ರು. ಹೋದ ವಾರ ತೆಗೆದೆ.”

“ಸರಿ, ಮುಗೀತಲ್ಲ.”

“ಎಲ್ಲಿ ಮುಗೀತು? ಈಗ ಇನ್ಯಾರೋ ದೂರದೂರಿನವರು ವಾಪಸ್ ಹಾಕು ಅಂತಿದಾರೆ. ಅವರ ಹಾಡಿನ ತಾಳಾನೇ ಆ ಕೆಮ್ಮಿನ ಮೇಲೆ ನಿಂತಿತ್ತಂತೆ. ಅದಿಲ್ಲದೆ ಹಾಡು ಕುಂಟ್ತಿದೆಯಂತೆ.”

ಅಕ್ಕನಿಗೆ ನಗು ಬಂತು. ಪೂರ್ತಿ ನಗುವಷ್ಟು ತ್ರಾಣವಿರಲಿಲ್ಲ.

“ಅಪ್ಪಂಗೆ ಹೇಳಿದ್ಯಾ?”

“ಏನಂತ ಹೇಳ್ಲಿ ಅಕ್ಕಾ? ಮನೇಲಿ ಕೆಮ್ಮು ಬಂದ್ರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೋತಾರೆ. ನಮ್ಮ ನಿದ್ದೆ ಕೆಡುತ್ತಂತೆ.”

ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಕಡ್ಡಿಯಂಥ ಮುದುಕರೊಬ್ಬರು ಹೊರಬಂದರು. ನುಗ್ಗಿಬಂದ ಕೆಮ್ಮನ್ನು ಅಂಗೈಯಲ್ಲಿ ಅದುಮಿ ಹಿಡಿದು, ಬೆಂಚಿನವರೆಲ್ಲರ ಮುಂದೆ ತಪ್ಪಿತಸ್ಥರಂತೆ ತಲೆ ತಗ್ಗಿಸಿದರು.

ಅಕ್ಕ ಎದ್ದು ಅವರ ಕೈಚೀಲ ಇಸಿದುಕೊಂಡಳು.

“ಕೈ ತೆಗೀರಿ ಅಪ್ಪ, ಆರಾಮಾಗಿ ಕೆಮ್ಮಿ. ನಿಮ್ಮ ಕೆಮ್ಮೇ ಬೇಕು ಅಂತ ಕೇಳೋರಿದಾರೆ.”

ಮೂವರೂ ಮೆಟ್ಟಿಲಿಳಿದು ಹೋದರು. ಕೆಳಗಿನ ಬಾಗಿಲು ಮುಚ್ಚುವವರೆಗೂ ಆ ಕೆಮ್ಮು, ಅಂಗೈಯ ಅಡ್ಡಿಯಿಲ್ಲದೆ, ದರ್ಜಿಯಮ್ಮನಿಗೆ ಕೇಳಿಸುತ್ತಲೇ ಇತ್ತು.