ಆಚೆ ಪಕ್ಷದ ಚೀಟಿ

...ನಗಬೇಡ ವಿಲ್ಮಾ, ನನಗೆ ಮೈಯೆಲ್ಲ ಉರೀತಿದೆ! ಆ ಡೆಲ್ಬರ್ಟ್ ಕ್ರೌಚ್ ಗೆದ್ದ ಅಂತ ಬೆಳಿಗ್ಗೆ ರೇಡಿಯೊದಲ್ಲಿ ಕೇಳಿ, ಕಾಫಿ ಸಿಂಕಿಗೆ ಸುರಿದೆ. ಥೂ! ಟ್ರ್ಯಾಕ್ಟರ್ ಮೇಲೆ ಹತ್ತಿ, ಲೈಬ್ರರಿಗೆ ಬೀಗ ಹಾಕ್ತೀನಿ, ಹಳ್ಳಿ ಕಡೆಯ ಶಾಲಾ ಬಸ್ಸು ನಿಲ್ಲಿಸ್ತೀನಿ ಅಂತ ಕಿರುಚ್ತಿದ್ದ ಕೋಡಂಗಿ... ಈಗ ಓಹಾಯೋ ಶಾಸನಸಭೆಯಲ್ಲಿ ಅವನೇ ನಮ್ಮ ಪ್ರತಿನಿಧಿ! ಮೊದಲು ನಿನ್ನ ಬಸ್ಸನ್ನೇ ನಿಲ್ಲಿಸ್ತಾನೆ, ನೋಡ್ತಿರು. ಇಪ್ಪತ್ತೆರಡು ವರ್ಷ ಓಡಿಸಿದ ಬಸ್ಸು...

ಆ ಹಿಟ್ಟು ಇತ್ತ ತಳ್ಳು. ಶುಕ್ರವಾರ ಚರ್ಚಿನ ಮಾರಾಟಕ್ಕೆ ಇನ್ನೂ ಮೂವತ್ತು ಡಜನ್ ಪಿರೋಗಿ ಕಡುಬು ಮಡಿಚಬೇಕು.

ತಪ್ಪು ಆಗಿದ್ದು ನಿನ್ನೆಯ ಚುನಾವಣೆಯಲ್ಲಿ ಅಂದ್ಕೊಂಡ್ಯಾ? ಇಲ್ಲ! ನಿನ್ನೆ ನಡೆದದ್ದು ಬರೀ ಮಣ್ಣು ಮಾಡೋದು. ಹೆಣ ಬಿದ್ದಿದ್ದು ಮೇ ತಿಂಗಳ ಪ್ರೈಮರಿಯಲ್ಲಿ. ಎರಡೂ ಪಕ್ಷದವರು ತಂತಮ್ಮ ಅಭ್ಯರ್ಥಿ ಆರಿಸ್ಕೊಳ್ಳೋ ದಿನ, ಹತ್ತರಲ್ಲಿ ಎಂಟು ಜನ ಮನೆಯಲ್ಲೇ ಬಿದ್ದುಕೊಂಡಿದ್ರು. ಆಮೇಲೆ ನವೆಂಬರಿನಲ್ಲಿ ಬಂದು 'ಇಬ್ಬರೂ ಸರಿಯಿಲ್ಲ' ಅಂತ ಮೂಗು ಮುರಿಯೋದು! ಹೇಸಿಗೆ.

ನಮ್ಮ ಕಡೆಯಿಂದ ನೀನು ನಿಂತೆ. ಒಂಬತ್ತು ಓಟು... ಒಂಬತ್ತೇ ಓಟಿಗೆ ಆ ಲಾಯರ್ ಫ್ಯಾರಿಂಗ್ಟನ್ ಮುಂದೆ ಸೋತೆ. ಇಸ್ತ್ರಿ ಮುರಿಯದ ಮನುಷ್ಯ! ಪ್ರಚಾರಕ್ಕೆ ಈ ಚರ್ಚ್ ಅಡುಗೆಮನೆಗೇ ಬಂದು, ಬೆಣ್ಣೆ-ಈರುಳ್ಳಿ ಬಿಟ್ಟು ಪಿರೋಗಿಗೆ ಕೆಚಪ್ ಕೇಳಿದ್ನಲ್ಲ! ಅವತ್ತೇ ಅಂದೆ, ನವೆಂಬರಿನಲ್ಲಿ ಇವನು ಮಕಾಡೆ ಮಲಗ್ತಾನೆ ಅಂತ. ಮಲಗಿದ. ನೀನಾಗಿದ್ರೆ ಕ್ರೌಚ್‌ನ ಹಸಿಹಸಿ ನುಂಗ್ತಿದ್ದೆ.

ಆಚೆ ಪಕ್ಷದಲ್ಲೂ ಕ್ರೌಚ್ ಎದುರು ಆ ದನದ ಡಾಕ್ಟರ್ ಸೀಗ್ರಿಸ್ಟ್ ನಿಂತಿದ್ದ, ಮರ್ಯಾದಸ್ಥ. ಅವನು ಗೆದ್ದಿದ್ರೂ ಬಸ್ಸು ಉಳೀತಿತ್ತು. ಆದ್ರೆ ನಮ್ಮೋರೇ ಕೆಲವರು... ಮಹಾ ಬುದ್ಧಿವಂತರು... ಪ್ರೈಮರಿಯಲ್ಲಿ ಆಚೆ ಪಕ್ಷದ ಮತಚೀಟಿ ಕೇಳಿ ತಗೊಂಡು ಕ್ರೌಚ್‌ಗೆ ಗುರುತು ಹಾಕಿದ್ರಂತೆ. ಎದುರಿಗೆ ಕೋಡಂಗಿ ಇದ್ರೆ ನವೆಂಬರಿನಲ್ಲಿ ನಮಗೆ ಸುಲಭ ಅಂತ! ಒಬ್ಬರಿಗೆ ಒಂದೇ ಚೀಟಿ. ಅದನ್ನ ತಗೊಂಡ್ರೆ ನಮ್ಮದು ಸಿಗಲ್ಲ. ಇಷ್ಟೂ ಹೊಳೀಲಿಲ್ವಾ ಆ ತಲೆಗಳಿಗೆ? ಅವರ ಜಾಣತನಕ್ಕೆ ಬೆಂಕಿ ಬೀಳ!

ಯಾಕೆ ಕೈ ನಿಲ್ಲಿಸಿದೆ? ಯಾರು ಅಂತಾನಾ? ನನಗೇನು ಗೊತ್ತು... ಊರ ಮಾತು.

ಹೋಗ್ಲಿ ಬಿಡು. ಇನ್ನೆರಡು ವರ್ಷಕ್ಕೆ ಮತ್ತೆ ನಿಲ್ಲು. ನಾನಿದ್ದೀನಿ, ಮನೆಮನೆ ಬಾಗಿಲು ತಟ್ತೀನಿ... ಏನು? ಆಲೂಗಡ್ಡೆ ಕಮ್ಮಿ ತುಂಬ್ತಿದ್ದೀನಾ? ಅದಲ್ವಾ? ಮತ್ತೆ ಯಾಕೆ ಹಾಗೆ ನೋಡ್ತೀಯ?

ಆ ಚೀಟಿ ತಗೊಂಡವರೂ ಪಾಪ, ಕೆಟ್ಟದ್ದಕ್ಕೆ ಮಾಡ್ಲಿಲ್ಲ ಕಣೇ. ಅದೇನು ಸುಲಭಾನಾ? ಮತಗಟ್ಟೆಯಲ್ಲಿ ಆ ಐರೀನ್ ಇಡೀ ಸಾಲಿಗೆ ಕೇಳೋ ಹಾಗೆ 'ಯಾವ ಪಕ್ಷದ್ದು ಕೊಡ್ಲಿ?' ಅಂತಾಳೆ. ಬಾಯಿಬಿಟ್ಟು ಹೇಳ್ಬೇಕು. ಕನ್ನಡಕ ಇಳಿಸಿ ನೋಡಿ, 'ನಿಜವಾಗ್ಲೂನಾ ರೋಜಾನ್?' ಅಂದ್—

...

ಹ್ಞೂಂ. ನಾನೇ. ಸಾಕಾ? ಶಾಲೆ ಅಡುಗೆಮನೆಯ ಹತ್ತು ಹೆಂಗಸರಿಗೂ ಹೇಳಿ ಒಪ್ಪಿಸಿ, ನನ್ನ ವ್ಯಾನಿನಲ್ಲೇ ಕರ್ಕೊಂಡು ಹೋದೆ. ನೀನು ಹೇಗಿದ್ರೂ ಗೆಲ್ತೀಯ ಅಂದ್ಕೊಂಡೆ! ಊರಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿದವಳು, ನಿನಗೆ ನಮ್ಮ ಓಟು ಯಾಕೆ ಬೇಕು ಅಂದ್ಕೊಂಡೆ. ನವೆಂಬರಿನಲ್ಲಿ ನಿನಗೇ ಸುಲಭ ಆಗ್ಲಿ ಅಂತ... ನಿನಗೋಸ್ಕರಾನೇ ವಿಲ್ಮಾ...

ಏನಾದ್ರೂ ಅನ್ನೇ. ಬೈ. ಒಂದು ಏಟಾದ್ರೂ ಹಾಕು. ಆಶ್ಚರ್ಯಾನೂ ಆಗ್ಲಿಲ್ವಾ ನಿನಗೆ?

...ಪಟ್ಟಿ. ಯಾರು ಯಾವ ಪಕ್ಷದ ಚೀಟಿ ತಗೊಂಡ್ರು ಅಂತ ಚುನಾವಣಾ ಕಚೇರಿಯಲ್ಲಿ ಬರೆದಿಟ್ಟಿರ್ತಾರಲ್ಲ, ಕೇಳಿದೋರಿಗೆಲ್ಲ ತೋರಿಸ್ತಾರಲ್ಲ... ನೋಡಿದ್ದೀಯ. ಯಾವಾಗ? ಈ ವಾರವಾ? ಅಲ್ವಾ? ...ಮೇ ತಿಂಗಳಲ್ಲೇ?

ಆರು ತಿಂಗಳು! ಪ್ರತಿ ಬುಧವಾರ ಬಂದು, ನನ್ನ ಪಕ್ಕದಲ್ಲೇ ಕೂತು, ನಾನು ಊರೋರನ್ನೆಲ್ಲ ಉಗಿಯೋದನ್ನ ಕೇಳಿಸ್ಕೊಂಡು, ಒಂದು ಮಾತೂ ಆಡದೆ... ದೇವರೇ. ನಾನಾಗಿ ಹೇಳ್ಲಿ ಅಂತ ಕಾಯ್ತಿದ್ಯಾ?

ಈಗ ಹೇಳಿದೆನಲ್ಲ... ಹೇಳಿದೆನಲ್ಲ ಕಣೇ. ಏಪ್ರನ್ ಯಾಕೆ ಬಿಚ್ತಿದ್ದೀಯ? ವಿಲ್ಮಾ?